ಪದ ಪರಿಚಯ: ಅನುದಾನಿತ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹತ್ತಿರ ಟೀ ಕುಡಿಯುವಾಗ ರೈತರೊಬ್ಬರು ಶಾಲೆಯೊಂದರ ಕರಪತ್ರ ತೋರಿಸಿದರು. ರೇಷ್ಮೆಗೂಡು ಮಾರಿದ ದುಡ್ಡು ಜೇಬಿನಲ್ಲಿತ್ತು, ಮಗಳ ಫೀಸಿನ ಮೊದಲ ಕಂತಿಗೆ. ‘ಇದು ಅನುದಾನಿತ ಸ್ಕೂಲು ಸಾರ್. ಆದ್ರೂ ಇಷ್ಟೊಂದು ಫೀಸಾ?’ ಎಂದರು. ಕರಪತ್ರದಲ್ಲಿದ್ದದ್ದು ‘ಕರ್ನಾಟಕ ಸರ್ಕಾರದಿಂದ ಮಾನ್ಯತೆ ಪಡೆದಿದೆ’ ಎಂಬ ಸಾಲು ಮಾತ್ರ. ಇವೆರಡನ್ನೂ ಒಂದೇ ಅಂದುಕೊಳ್ಳುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ.

ಮಾನ್ಯತೆ ಎಂದರೆ ಶಾಲೆ ನಡೆಸಲು ಕೊಟ್ಟ ಒಪ್ಪಿಗೆ. ಅದರಲ್ಲಿ ಸರ್ಕಾರದ ಒಂದು ರೂಪಾಯಿಯೂ ಇಲ್ಲ. ಅನುದಾನಿತ ಎಂದರೆ ಸರ್ಕಾರದ ಹಣ ಪಡೆಯುವ ಖಾಸಗಿ ಶಾಲೆ.

ಇನ್ನು ಅಕ್ಷರ. ಬೋರ್ಡುಗಳಲ್ಲೂ ‘ಅನುಧಾನಿತ’ ಎಂದು ಬರೆಯುತ್ತಾರೆ. ದಯವಿಟ್ಟು ಬೇಡ. ಸಂಸ್ಕೃತದ ‘ಧಾ’ ಎಂದರೆ ಇಡುವುದು. ವಿಧಾನ, ಪ್ರಧಾನ, ಸಮಾಧಾನ ಬಂದದ್ದು ಅಲ್ಲಿಂದ. ‘ದಾ’ ಎಂದರೆ ಕೊಡುವುದು. ನಮ್ಮ ಪದದಲ್ಲಿರುವುದು ಈ ಕೊಡುವ ದಾ. ಮುಂದಿರುವ ‘ಅನು’ವೋ, ಅನುಸರಿಸು ಎನ್ನುವಾಗ ಬರುವ ಅದೇ ಅನು. ದಾನ ಕೊಟ್ಟವರು ಮತ್ತೆ ಲೆಕ್ಕ ಕೇಳುವಂತಿಲ್ಲ. ಅನುದಾನ ಹಾಗಲ್ಲ, ನಿಯಮದ ಬೆನ್ನಿಗೇ ಬರುವ ಹಣ, ಲೆಕ್ಕ ಕೊಡಲೇಬೇಕು. 1854ರಲ್ಲಿ ಭಾರತದ ವ್ಯವಹಾರ ನೋಡುತ್ತಿದ್ದ ಬ್ರಿಟಿಷ್ ಮಂತ್ರಿ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ನಿರೂಪದಲ್ಲೇ ಈ ಪದ್ಧತಿ ಇದೆ: ಶಾಲೆ ಖಾಸಗಿಯವರು ನಡೆಸಲಿ, ಸರ್ಕಾರ ಹಣ ಕೊಡಲಿ, ಬಂದು ತಪಾಸಣೆಯನ್ನೂ ಮಾಡಲಿ.

ಇವತ್ತಿಗೂ ಅಷ್ಟೇ. ಆಡಳಿತ ಮಂಡಳಿ ಖಾಸಗಿ, ಮಂಜೂರಾದ ಹುದ್ದೆಯ ಮೇಷ್ಟ್ರ ಸಂಬಳ ಸರ್ಕಾರದ್ದು. ಮಕ್ಕಳಿಗೆ ಬಿಸಿಯೂಟವೂ ಉಂಟು. ಶಾಸಕರ ಅನುದಾನದಲ್ಲಿ ಕೊಠಡಿ ಕಟ್ಟಿಸಿಕೊಂಡ ಸರ್ಕಾರಿ ಶಾಲೆ ಅನುದಾನಿತ ಶಾಲೆ ಆಗುವುದಿಲ್ಲ, ಅದು ಸರ್ಕಾರಿ ಶಾಲೆಯೇ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಉಚಿತವಾಗಿ ಓದುವ ಮಕ್ಕಳ ಲೆಕ್ಕಕ್ಕೆ ಖಾಸಗಿ ಶಾಲೆಗೆ ಬರುವ ದುಡ್ಡೂ ಅನುದಾನವಲ್ಲ, ಶುಲ್ಕ ಮರುಪಾವತಿ. ಇದು ಸುಮ್ನೆ ಮಾತಿನ ಜಗಳ ಅಲ್ಲ. 2019ರಲ್ಲಿ ನಮ್ಮ ರಾಜ್ಯ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅನುದಾನರಹಿತ ಶಾಲೆಯಲ್ಲಿ ಆರ್‌ಟಿಇ ಸೀಟು ಕೇಳುವಂತಿಲ್ಲ. ಯಾವುದು ಯಾವುದೆಂದು ಗೊತ್ತಿಲ್ಲದೆ ಅರ್ಜಿ ಹಾಕಿ ಓಡಾಡುವವರು ಹಳ್ಳಿಯವರೇ ಜಾಸ್ತಿ ಅಲ್ವಾ?

ಆ ರೈತರಿಗೆ ಒಂದೇ ಪ್ರಶ್ನೆ ಹೇಳಿಕೊಟ್ಟೆ: ‘ನನ್ನ ಮಗಳು ಕೂರೋ ಕ್ಲಾಸಿನ ಮೇಷ್ಟ್ರಿಗೆ ಸಂಬಳ ಯಾರು ಕೊಡ್ತಾರೆ?’ ಅಲ್ಲಿಂದಲೇ ಫೋನ್ ಮಾಡಿ ಕೇಳಿದರು. ಅದೇ ಆವರಣದ ಹೈಸ್ಕೂಲಿನ ಕನ್ನಡ ವಿಭಾಗ ಮಾತ್ರ ಅನುದಾನಿತವಂತೆ. ಮಗಳು ಸೇರುವುದು ಒಂದನೇ ಕ್ಲಾಸಿಗೆ, ಇಂಗ್ಲಿಷ್ ಮೀಡಿಯಂಗೆ.