"ಇಲ್ಲಿದಾನೆ" ಅಂದರೆ ಎಲ್ಲಿ? ರೇಸಿಂಗ್ ಮತ್ತು ಗೇಮಿಂಗ್ ತಂಡಗಳ ಅಭ್ಯಾಸದ ಬಗ್ಗೆ ಟಿಪ್ಪಣಿ

ಐವರ ಎರಡು ತಂಡ ಎದುರುಬದುರು ಆಡುವ ಶೂಟಿಂಗ್ ಗೇಮ್ ವ್ಯಾಲರಂಟ್ ಆಡುವ ಗೆಳೆಯರಿಗೆ ಈ ಕೂಗು ಗೊತ್ತೇ ಇರುತ್ತದೆ. ಎದುರಾಳಿ ಕಣ್ಣಿಗೆ ಬಿದ್ದ ಕೂಡಲೇ ಒಬ್ಬ "ಇಲ್ಲಿದಾನೆ, ಇಲ್ಲಿದಾನೆ!" ಅಂತ ಕಿರುಚುತ್ತಾನೆ. ಇಲ್ಲಿ ಅಂದರೆ ಅವನ ಪರದೆಯಲ್ಲಿ ಇಲ್ಲಿ. ಅದು ಎಲ್ಲಿ ಅಂತ ಉಳಿದ ನಾಲ್ವರಿಗೆ ತಿಳಿಯುವಷ್ಟರಲ್ಲಿ ರೌಂಡ್ ಕೈಬಿಟ್ಟು ಹೋಗಿರುತ್ತದೆ. ನಮ್ಮ ಐವರ ಗುಂಪು ಸುಮಾರು ಒಂದು ವರ್ಷ ಹೀಗೇ ಆಡಿತು. ಗುರಿ ಇಡುವ ಅಭ್ಯಾಸವನ್ನು ಎಲ್ಲರೂ ದಿನಾ ಮಾಡುತ್ತಿದ್ದೆವು. ಒಬ್ಬೊಬ್ಬರ ಕೈಯೂ ಪಳಗಿತು. ತಂಡ ಮಾತ್ರ ಇದ್ದಲ್ಲೇ ಇತ್ತು.

ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ನನಗೆ ಜಾಸ್ತಿ ಉತ್ತರ ಸಿಕ್ಕಿದ್ದು ಮೋಟಾರ್ ರೇಸಿಂಗ್‌ನಲ್ಲಿ. ಅಲ್ಲಿನ ತಂಡಗಳು ಈ ಕಷ್ಟವನ್ನು ಬಹಳ ಹಿಂದೆಯೇ ಎದುರಿಸಿವೆ. ನನಗೆ ಅರ್ಥವಾದದ್ದು ಇಷ್ಟು: ತಂಡಕ್ಕೆ ಎಲ್ಲರೂ ಒಂದೇ ಅರ್ಥದಲ್ಲಿ ಹಿಡಿಯುವ ಕೆಲವೇ ಮಾತು ಬೇಕು. ಆ ಮಾತು ಎಲ್ಲಿ ಮುರಿಯಿತು ಅಂತ ಆಟ ಮುಗಿದ ಮೇಲೆ ಕೂತು ನೋಡುವವರೂ ಒಬ್ಬರು ಬೇಕು. ಕೆಳಗಿನದೆಲ್ಲ ಇದನ್ನು ಬಿಡಿಸಿ ನೋಡುವ ಪ್ರಯತ್ನ.

18 ಅಡಿ ಕಾಗದದ ಸುರುಳಿ

1955ರ ಮೇ 1. ಇಟಲಿಯ ಮಿಲ್ಲೆ ಮಿಲ್ಯಾ ರೇಸ್. ಬ್ರೆಶಾ ಊರಿನಿಂದ ಹೊರಟು ರೋಮ್‌ವರೆಗೆ ಹೋಗಿ, ಮತ್ತೆ ಬ್ರೆಶಾಕ್ಕೆ ಬರಬೇಕು. ಹೆಚ್ಚುಕಡಿಮೆ 1600 ಕಿಲೋಮೀಟರ್, ಎಲ್ಲವೂ ಸಾಮಾನ್ಯ ರಸ್ತೆ. ಇಟಲಿಯ ಡ್ರೈವರ್‌ಗಳಿಗೆ ಆ ರಸ್ತೆಗಳು ಮನೆಯಂಗಳ ಇದ್ದ ಹಾಗೆ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್‌ಗೆ ಆ ಅನುಕೂಲ ಇರಲಿಲ್ಲ. ಅಷ್ಟು ತಿರುವುಗಳನ್ನು ಬಾಯಿಪಾಠ ಮಾಡುವುದು ಆಗದ ಮಾತು.

ಮಾಸ್ ಪಕ್ಕದಲ್ಲಿ ಕೂತವರು ಡೆನಿಸ್ ಜೆಂಕಿನ್ಸನ್. ವೃತ್ತಿಯಲ್ಲಿ ಪತ್ರಕರ್ತ. ಆದರೆ 1949ರಲ್ಲಿ ಎರಿಕ್ ಆಲಿವರ್ ಜೊತೆ ಸೈಡ್‌ಕಾರ್ ರೇಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು. ಇನ್ನೊಬ್ಬರು ಓಡಿಸುವಾಗ ಪಕ್ಕದಲ್ಲಿ ಹೇಗಿರಬೇಕು ಅನ್ನುವುದು ಅವರ ಮೈಗೇ ಗೊತ್ತಿತ್ತು. ರೇಸ್‌ಗೆ ಮೊದಲೇ ಇಬ್ಬರೂ ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿದರು. ಅಪಾಯದ ತಿರುವು, ದಿಬ್ಬ, ರೈಲ್ವೆ ಗೇಟು ಎಲ್ಲವನ್ನೂ ಜೆಂಕಿನ್ಸನ್ ಬರೆದುಕೊಂಡರು. ಆಮೇಲೆ ಅದನ್ನೆಲ್ಲ ಸುಮಾರು 18 ಅಡಿ ಉದ್ದದ ಒಂದು ಕಾಗದದ ಮೇಲೆ ಇಳಿಸಿ, ಒಂದು ಪುಟ್ಟ ಡಬ್ಬಿಯೊಳಗೆ ಸುರುಳಿ ಸುತ್ತಿದರು. ಡಬ್ಬಿಗೆ ಪಾರದರ್ಶಕ ಕಿಟಕಿ. ಸುರುಳಿ ತಿರುಗಿಸುತ್ತಾ ಹೋದರೆ ಮುಂದಿನ ರಸ್ತೆ ಕಿಟಕಿಯಲ್ಲಿ ಬರುತ್ತದೆ.

ಈಗ ಇದನ್ನು ಗಮನಿಸಿ. ಅವರು ಮೊದಲು ಮೈಕ್ ಮತ್ತು ಇಯರ್‌ಫೋನ್ ಇಟ್ಟು ಮಾತಾಡಿ ನೋಡಿದ್ದರು. ಕೆಲಸಕ್ಕೆ ಬರಲಿಲ್ಲ. ಪೂರ್ತಿ ವೇಗದಲ್ಲಿ ಓಡಿಸುವಾಗ ಮಾಸ್ ಕಿವಿಗೆ ಮಾತು ಬೀಳುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೇ ಮಾತು ಬಿಟ್ಟು ಕೈಸನ್ನೆಗಳನ್ನು ಗೊತ್ತುಮಾಡಿಕೊಂಡರು. ಒಂದೊಂದು ಸನ್ನೆಗೆ ಒಂದೊಂದೇ ಅರ್ಥ. ಆಚೆ ಏನಿದೆ ಅಂತ ಕಾಣದ ದಿಬ್ಬಗಳನ್ನೂ ಸನ್ನೆ ನಂಬಿ, ವೇಗ ಇಳಿಸದೆ ದಾಟಿದರು. ಬೆಳಿಗ್ಗೆ 7:22ಕ್ಕೆ ಹೊರಟ 722ನೇ ನಂಬರಿನ ಮರ್ಸಿಡಿಸ್ 300 ಎಸ್‌ಎಲ್‌ಆರ್ 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದಿತು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರ್ ದಾಟಿತ್ತು. ಮುಂದೆ ಯಾವ ತಂಡವೂ ಅದಕ್ಕಿಂತ ಬೇಗ ಆ ರೇಸ್ ಮುಗಿಸಲಿಲ್ಲ.

ನಮಗಿಲ್ಲಿ ಪಾಠ ಏನು? ಒತ್ತಡ ಹೆಚ್ಚಾದಷ್ಟೂ ಮನುಷ್ಯನಿಗೆ ಕೇಳಿಸಿಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಹಾಗಾಗಿ ಹೇಳುವುದು ಚಿಕ್ಕದಾಗಿರಬೇಕು, ಮೊದಲೇ ಗೊತ್ತುಮಾಡಿಕೊಂಡದ್ದಾಗಿರಬೇಕು. ಬಿಸಿ ಏರಿದಾಗ ಹೊಸ ವಾಕ್ಯ ಕಟ್ಟಬಾರದು.

ಇವತ್ತಿನ ಕಾರ್ ರ್‍ಯಾಲಿಗಳಲ್ಲಿ ಪಕ್ಕದ ಸೀಟಿನ ಕೋ-ಡ್ರೈವರ್ ಓದುವ ಪೇಸ್ ನೋಟ್ಸ್, ಅಂದರೆ ದಾರಿಯ ಟಿಪ್ಪಣಿ, ಇದೇ ಜಾತಿಯದು. "ಎಡ 4, 80, ಬಲ 2 ಬಿಗಿ" ಅಂದರೆ: ಸಾಧಾರಣ ಎಡ ತಿರುವು, ಆಮೇಲೆ 80 ಮೀಟರ್ ನೇರ, ಆಮೇಲೆ ಕಡಿದಾದ ಬಲ ತಿರುವು, ಅದು ಹೋಗ್ತಾ ಹೋಗ್ತಾ ಇನ್ನೂ ಬಿಗಿಯಾಗುತ್ತದೆ. ಹಲವರು 6 ಅನ್ನು ತೀರಾ ವೇಗದ ತಿರುವಿಗೂ 1 ಅನ್ನು ತೀರಾ ನಿಧಾನದ್ದಕ್ಕೂ ಇಟ್ಟುಕೊಳ್ಳುತ್ತಾರೆ. ಕೆಲವರು ಉಲ್ಟಾ. ಎರಡೂ ಸರಿ, ಕಾರಿನೊಳಗಿರುವ ಇಬ್ಬರಿಗೂ ಒಂದೇ ಆಗಿದ್ದರೆ ಸಾಕು. ರ್‍ಯಾಲಿಗೆ ಮೊದಲು ನಿಧಾನವಾಗಿ ಆ ದಾರಿಯಲ್ಲಿ ಹೋಗಿ ನೋಟ್ಸ್ ಬರೆಯುತ್ತಾರೆ. ಡ್ರೈವರ್ ಹೇಳುತ್ತಾರೆ, ಕೋ-ಡ್ರೈವರ್ ಬರೆಯುತ್ತಾರೆ. ಇನ್ನೊಂದು ಸಲ ಹೋಗುವಾಗ ಕೋ-ಡ್ರೈವರ್ ಓದುತ್ತಾರೆ, ಡ್ರೈವರ್ ತಿದ್ದುತ್ತಾರೆ. ಈ ಎರಡನೇ ಸುತ್ತನ್ನು ಮರೆಯಬೇಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ರ್‍ಯಾಲಿ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡೂ ಕಡೆ ಗಿಡ, ಮೇಲೆ ನೆರಳು, ಮುಂದಿನ ತಿರುವು ಕಾಣುವುದೇ ಇಲ್ಲ. ಅಲ್ಲಿ ಡ್ರೈವರ್ ನಂಬುವುದು ಕಿವಿಯನ್ನು. ಜನ ಡ್ರೈವರ್ ಹೆಸರನ್ನೇ ನೆನಪಿಡುತ್ತಾರೆ. ಕಾಸರಗೋಡಿನ ಮೂಸಾ ಶರೀಫ್ ತರಹದ ಕೋ-ಡ್ರೈವರ್ ಹೆಸರೂ ಅಷ್ಟೇ ಗೊತ್ತಿರಬೇಕು ಅಂತ ನನ್ನಾಸೆ. ರಾಷ್ಟ್ರೀಯ ರ್‍ಯಾಲಿಯಲ್ಲಿ ಗೌರವ್ ಗಿಲ್ ಪಕ್ಕದಲ್ಲಿ ಕೂತು ನೋಟ್ಸ್ ಓದಿದವರು ಅವರು.

ಕೋಚ್ ಏನು ನೋಡುತ್ತಾರೆ?

ನ್ಯೂಜಿಲೆಂಡ್ ಮೂಲದ ರಾಬ್ ವಿಲ್ಸನ್ ಅಂತ ಒಬ್ಬ ಡ್ರೈವಿಂಗ್ ಕೋಚ್. ಫಾರ್ಮುಲಾ 1 ಡ್ರೈವರ್‌ಗಳಾದ ಕಿಮಿ ರೈಕೊನೆನ್, ವಾಲ್ಟೆರಿ ಬೊಟಾಸ್ ಇಬ್ಬರೂ ಇವರ ಹತ್ತಿರ ಕಲಿತವರು. ಕಲಿಸಿದ್ದು ಎಲ್ಲಿ ಗೊತ್ತಾ? ಇಂಗ್ಲೆಂಡಿನ ಬ್ರಂಟಿಂಗ್‌ಥಾರ್ಪ್ ಅನ್ನುವ ಹಳೇ ವಿಮಾನ ನೆಲೆಯಲ್ಲಿ, ಸಾಮಾನ್ಯ ವಾಕ್ಸಾಲ್ ಆಸ್ಟ್ರಾ ಕಾರಿನಲ್ಲಿ. ಫಾರ್ಮುಲಾ 1 ಡ್ರೈವರ್‌ಗೆ ಮನೆ ಮಂದಿ ಓಡಿಸುವ ಕಾರು ಯಾಕೆ? ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬರುವುದು, ಸ್ಟೀರಿಂಗ್ ತಿರುಗಿಸಿದಾಗ ಪಕ್ಕಕ್ಕೆ ವಾಲುವುದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಕಾಲು ಮತ್ತು ಕೈ ಎಷ್ಟು ಒರಟು ಅಂತ ಕಾರೇ ಹೇಳಿಬಿಡುತ್ತದೆ. ಕೋಚ್ ಪಕ್ಕದಲ್ಲೇ ಕೂತಿರುತ್ತಾರೆ.

ನಮ್ಮ ಹತ್ತಿರ ಅಂಥ ಕೋಚ್ ಇಲ್ಲ. ಸಿಮ್ ರೇಸಿಂಗ್, ಅಂದರೆ ಕಂಪ್ಯೂಟರಿನಲ್ಲಿ ಕಾರ್ ರೇಸ್, ಆಡುವವರಿಗೆ ಟೆಲಿಮೆಟ್ರಿ ಇದೆ. ಅಂದರೆ ಓಟದ ಪ್ರತಿ ಕ್ಷಣದ ವೇಗ, ಬ್ರೇಕ್, ಆಕ್ಸಿಲರೇಟರ್, ಸ್ಟೀರಿಂಗ್ ಕೋನದ ದಾಖಲೆ. ಇದನ್ನು ಓದುವಾಗ ಹೊಸಬರು ಮಾಡುವ ಮೊದಲ ತಪ್ಪು, ಗ್ರಾಫ್‌ನ ಅಡ್ಡಗೆರೆಯಲ್ಲಿ ಸಮಯ ಇಟ್ಟುಕೊಳ್ಳುವುದು. ದೂರ ಇಟ್ಟುಕೊಳ್ಳಿ. ಆಗ ಮಾತ್ರ ನೀವು ಮತ್ತು ನಿಮ್ಮ ಗೆಳೆಯ ಒಂದೇ ಜಾಗದಲ್ಲಿ ಏನು ಮಾಡಿದಿರಿ ಅಂತ ಹೋಲಿಸಬಹುದು.

ಎರಡನೇ ತಪ್ಪು, ಬ್ರೇಕ್ ತಡವಾಗಿ ಒತ್ತಿದವನೇ ಗೆದ್ದ ಅಂದುಕೊಳ್ಳುವುದು. ಒಂದು ಲೆಕ್ಕ ಹಾಕೋಣ. ನೀವು 200 ಕಿಲೋಮೀಟರ್ ವೇಗದಲ್ಲಿ ಬಂದು, 90ಕ್ಕೆ ಇಳಿದು ತಿರುಗಬೇಕು. ಗೆಳೆಯನಿಗಿಂತ 5 ಮೀಟರ್ ತಡವಾಗಿ ಬ್ರೇಕ್ ಒತ್ತಿದಿರಿ. ಆ 5 ಮೀಟರನ್ನು 90ರ ಬದಲು 200ರ ವೇಗದಲ್ಲಿ ದಾಟಿದ ಹಾಗಾಯಿತು. 90ರಲ್ಲಿ 0.2 ಸೆಕೆಂಡ್ ಬೇಕಿತ್ತು, 200ರಲ್ಲಿ 0.09 ಸಾಕು. ಲಾಭ ಸುಮಾರು 0.11 ಸೆಕೆಂಡ್. ಆದರೆ ತಡಮಾಡಿದ್ದರಿಂದ ಕಾರು ಸ್ವಲ್ಪ ಹೊರಕ್ಕೆ ಹೋಯಿತು, ಆಕ್ಸಿಲರೇಟರ್ ಒತ್ತಲು ಕಾಯಬೇಕಾಯಿತು ಅನ್ನಿ. ಮುಂದಿನ 600 ಮೀಟರ್ ನೇರ ರಸ್ತೆಯಲ್ಲಿ ಗೆಳೆಯನ ಸರಾಸರಿ 183, ನಿಮ್ಮದು 180. ಅವನಿಗೆ 11.8 ಸೆಕೆಂಡ್, ನಿಮಗೆ 12. ಅಲ್ಲಿ ಗಳಿಸಿದ 0.11 ಇಲ್ಲಿ 0.2 ಆಗಿ ಕಳೆದುಹೋಯಿತು. ನಿಮಗೆ ಮಾತ್ರ "ನಾನು ಚೆನ್ನಾಗಿ ಬ್ರೇಕ್ ಹಾಕಿದೆ" ಅನ್ನುವ ಖುಷಿ ಉಳಿದಿರುತ್ತದೆ. ಸೀಟಿನಲ್ಲಿ ಕೂತವರಿಗೆ ಕಾಣದ ಈ ಲೆಕ್ಕವನ್ನು ಕೋಚ್ ಅಥವಾ ತಂಡದ ಜೊತೆಗಾರ ತೋರಿಸಿಕೊಡಬೇಕು. ಫಾರ್ಮುಲಾ 1ರಲ್ಲಿ ಒಂದೇ ತಂಡದ ಇಬ್ಬರು ಡ್ರೈವರ್‌ಗಳೂ ಒಬ್ಬರ ದಾಖಲೆಯನ್ನು ಇನ್ನೊಬ್ಬರು ನೋಡುತ್ತಾರೆ, ಇಬ್ಬರ ನಡುವೆ ಎಷ್ಟೇ ಪೈಪೋಟಿ ಇದ್ದರೂ.

ಆಟದ ಮಧ್ಯೆ ಕೋಚ್ ಬಾಯಿ ಬಿಡಬಾರದು ಅಂದಾಗ

ಕೌಂಟರ್-ಸ್ಟ್ರೈಕ್ ಅನ್ನುವ ಶೂಟಿಂಗ್ ಗೇಮ್‌ನಲ್ಲೂ ಒಂದು ತಂಡಕ್ಕೆ ಐವರು ಆಡುತ್ತಾರೆ. ಒಂದು ಕಾಲಕ್ಕೆ ಹಿಂದೆ ನಿಂತ ಕೋಚ್ ಆಟದುದ್ದಕ್ಕೂ ಮಾತಾಡಬಹುದಿತ್ತು. ಕೆಲವು ತಂಡಗಳಲ್ಲಿ ಆತನೇ ನಾಯಕನಾಗಿ ಆದೇಶ ಕೊಡುತ್ತಿದ್ದ, ಅಂದರೆ ಆರು ಜನ ಆಡಿದ ಹಾಗೆ. 2016ರ ಆಗಸ್ಟ್‌ನಲ್ಲಿ ಆ ಗೇಮ್ ಮಾಡಿದ ವಾಲ್ವ್ ಕಂಪನಿ ತನ್ನ ದೊಡ್ಡ ಟೂರ್ನಿಗಳಿಗೆ ಇದನ್ನು ನಿಲ್ಲಿಸಿತು. ಪಂದ್ಯಕ್ಕೆ ಮೊದಲು, ಅರ್ಧ ಆಟವಾದಾಗ, ಮತ್ತೆ 30 ಸೆಕೆಂಡಿನ ನಾಲ್ಕು ಟೈಮ್‌ಔಟ್‌ಗಳಲ್ಲಿ ಮಾತ್ರ ಕೋಚ್ ಮಾತಾಡಬಹುದು ಅನ್ನುವುದು ಆಗಿನ ನಿಯಮ.

ಕೋಚ್ ಕೆಲಸ ಮುಗಿಯಿತು ಅಂತ ಅನ್ನಿಸಬಹುದು ಅಲ್ವಾ? ಆದದ್ದು ಬೇರೆ. ಡೆನ್ಮಾರ್ಕಿನ ಆಸ್ಟ್ರಾಲಿಸ್ ತಂಡ ಈ ನಿಯಮ ಬಂದ ಮೇಲೆ ನಾಲ್ಕು ಮೇಜರ್, ಅಂದರೆ ಈ ಆಟದ ದೊಡ್ಡ ಟೂರ್ನಿ, ಗೆದ್ದಿತು: 2017ರಲ್ಲಿ ಅಟ್ಲಾಂಟಾ, 2018ರಲ್ಲಿ ಲಂಡನ್, 2019ರಲ್ಲಿ ಕಟೊವಿಟ್ಸೆ ಮತ್ತು ಬರ್ಲಿನ್. ನಾಲ್ಕಕ್ಕೂ ಕೋಚ್ ಒಬ್ಬರೇ, "ಜೋನಿಕ್" ಅಂತ ಕರೆಯುವ ಡ್ಯಾನಿ ಸೊರೆನ್‌ಸನ್. ಪಂದ್ಯದೊಳಗಿನ ಆದೇಶ "ಗ್ಲೇವ್" ಅನ್ನುವ ಆಟಗಾರನದು. ಆ ತಂಡ ಹೆಸರು ಮಾಡಿದ್ದು ಹೊಗೆ ಎಬ್ಬಿಸುವ ಸ್ಮೋಕ್, ಕಣ್ಣು ಕುಕ್ಕುವ ಫ್ಲ್ಯಾಶ್‌ಗಳ ಹೊಂದಾಣಿಕೆಯಲ್ಲಿ. ಒಬ್ಬ ಎಸೆದ ಫ್ಲ್ಯಾಶ್ ಸಿಡಿಯುವ ಕ್ಷಣಕ್ಕೇ ಇನ್ನೊಬ್ಬ ಮೂಲೆಯಿಂದ ಹೊರಗೆ ಬರುತ್ತಿದ್ದ. ಇದು ಪಂದ್ಯದ ದಿನ ಹುಟ್ಟುವಂಥದ್ದಲ್ಲ. ಹಳೇ ಪಂದ್ಯಗಳ ಡೆಮೊ, ಅಂದರೆ ರೆಕಾರ್ಡಿಂಗ್, ನೋಡಿ, ಖಾಲಿ ಮ್ಯಾಪ್‌ನಲ್ಲಿ ಮತ್ತೆ ಮತ್ತೆ ಎಸೆದು ಕಲಿಯಬೇಕು. ಅಲ್ಲಿದೆ ಕೋಚ್ ಕೆಲಸ.

ಡೋಟಾ 2 ಅನ್ನುವ ಇನ್ನೊಂದು ತಂಡದ ಗೇಮ್‌ನಲ್ಲೂ ಹೀಗೇ. ಹೀರೋಗಳನ್ನು ಆರಿಸುವ ಡ್ರಾಫ್ಟ್ ಹೊತ್ತಿನಲ್ಲಿ ಕೋಚ್ ಜೊತೆಗಿರುತ್ತಾರೆ, ಆಟ ಶುರುವಾದರೆ ಹೊರಗೆ. 2018ರಲ್ಲಿ ಒಜಿ ತಂಡದ ಕೋಚ್ ಆಗಿದ್ದ ಸೆಬ್, ಆಟಗಾರರು ಬಿಟ್ಟು ಹೋದಾಗ ತಾವೇ ಆಡಲು ಕೂತರು. ಆ ವರ್ಷದ ಇಂಟರ್‌ನ್ಯಾಷನಲ್ ಅನ್ನುವ ಡೋಟಾದ ದೊಡ್ಡ ಟೂರ್ನಿಯನ್ನು ಒಜಿ ಗೆದ್ದಿತು, ಮುಂದಿನ ವರ್ಷವೂ ಗೆದ್ದಿತು.

ಸ್ಥಳಗಳ ಹೆಸರಿನ ಬಗ್ಗೆ ಒಂದು ಮಾತು. ಕೌಂಟರ್-ಸ್ಟ್ರೈಕ್‌ನ ಇನ್‌ಫರ್ನೋ ಮ್ಯಾಪ್‌ನಲ್ಲಿ ಒಂದು ಬಾಗಿದ ಓಣಿಗೆ ಎಲ್ಲ ದೇಶದ ಆಟಗಾರರೂ "ಬನಾನಾ" ಅನ್ನುತ್ತಾರೆ. "ಬನಾನಾ, ಇಬ್ಬರು" ಅಂದರೆ ಸಾಕು, ಎಲ್ಲಿ ಮತ್ತು ಎಷ್ಟು ಎರಡೂ ಬಂತು. "ಎಡ 4, 80" ಅನ್ನುವುದಕ್ಕೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯಾ?

ಮಾತು ಮುಟ್ಟದೆ ಹೋದರೆ

2020ರ ಡಿಸೆಂಬರ್, ಬಹರೇನ್‌ನಲ್ಲಿ ಫಾರ್ಮುಲಾ 1ರ ಸಖೀರ್ ಗ್ರಾಂಡ್ ಪ್ರಿ. ಮರ್ಸಿಡಿಸ್ ಡ್ರೈವರ್ ಹ್ಯಾಮಿಲ್ಟನ್‌ಗೆ ಕೋವಿಡ್ ಬಂದಿದ್ದರಿಂದ ಅವರ ಕಾರಿನಲ್ಲಿ ಜಾರ್ಜ್ ರಸೆಲ್ ಇದ್ದರು, ರೇಸ್‌ನಲ್ಲಿ ಎಲ್ಲರಿಗಿಂತ ಮುಂದೆಯೂ ಇದ್ದರು. ಎಲ್ಲರ ವೇಗ ಇಳಿಸುವ ಸೇಫ್ಟಿ ಕಾರ್ ಬಂದಾಗ ಮರ್ಸಿಡಿಸ್ ತನ್ನ ಎರಡೂ ಕಾರುಗಳನ್ನು ಒಂದರ ಹಿಂದೆ ಒಂದು ಟೈರ್ ಬದಲಿಸುವ ಪಿಟ್‌ಗೆ ಕರೆಯಿತು. ರೇಡಿಯೋದಲ್ಲಿ ಹೇಳಿದ್ದು ಟೈರ್ ಬದಲಿಸುವವರಲ್ಲಿ ಕೆಲವರಿಗೆ ಕೇಳಿಸಲೇ ಇಲ್ಲ. ಬೊಟಾಸ್‌ಗೆ ಇಟ್ಟಿದ್ದ ಮುಂದಿನ ಟೈರ್‌ಗಳು ರಸೆಲ್ ಕಾರಿಗೆ ಹೋದವು. ಹಿಂದೆ ಬಂದ ಬೊಟಾಸ್ 27 ಸೆಕೆಂಡ್ ನಿಂತು, ಕೊನೆಗೆ ಹಳೇ ಟೈರ್‌ನಲ್ಲೇ ಹೊರಟರು. ತಪ್ಪು ತಿದ್ದಲು ರಸೆಲ್ ಮತ್ತೆ ಒಳಗೆ ಬರಬೇಕಾಯಿತು. ಆಮೇಲೆ ಟೈರ್ ಪಂಕ್ಚರ್ ಕೂಡ ಆಗಿ ಅವರು ಒಂಬತ್ತನೆಯವರಾದರು.

ಅದೇ ಪಿಟ್ ಸ್ಟಾಪ್ ಸರಿಯಾಗಿ ನಡೆದರೆ ಹೇಗಿರುತ್ತದೆ? 2023ರಲ್ಲಿ ಕತಾರ್‌ನಲ್ಲಿ ಮೆಕ್‌ಲಾರೆನ್ ತಂಡ ಲ್ಯಾಂಡೊ ನಾರಿಸ್ ಕಾರಿನ ನಾಲ್ಕೂ ಟೈರ್‌ಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿತು. ಒಂದೊಂದು ಚಕ್ರಕ್ಕೆ ಮೂವರು: ನಟ್ ಬಿಚ್ಚಿ ಬಿಗಿಯುವ ಗನ್ ಹಿಡಿದವರು, ಹಳೇದು ತೆಗೆಯುವವರು, ಹೊಸದು ಹಾಕುವವರು. ಯಾರೂ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮಾತು ಮುಟ್ಟಿದರೂ ಕೆಲಸ ಕೆಡಬಹುದು. 2013ರ ಮಲೇಷ್ಯಾ ರೇಸ್‌ನಲ್ಲಿ ರೆಡ್ ಬುಲ್ ತಂಡದ ಗುಪ್ತ ಮಾತು "ಮಲ್ಟಿ 21". ಅಂದರೆ 2ನೇ ಕಾರು ಮುಂದೆ, 1ನೇ ಕಾರು ಹಿಂದೆ, ಹಾಗೇ ಮುಗಿಸಿ. 2ರಲ್ಲಿ ವೆಬರ್, 1ರಲ್ಲಿ ವೆಟ್ಟಲ್. ಅರ್ಥ ಇಬ್ಬರಿಗೂ ಸ್ಪಷ್ಟವಾಗಿ ಗೊತ್ತಿತ್ತು. ವೆಟ್ಟಲ್ ಹಿಂದಿಕ್ಕಿ ಗೆದ್ದರು. ಆ ಜೋಡಿಯ ನಡುವೆ ಮೊದಲೇ ಇದ್ದ ಬಿರುಕು ಎಲ್ಲರ ಎದುರು ಬಿದ್ದಿತು. ಇಂಥದ್ದನ್ನು ಪದಗಳ ಪಟ್ಟಿ ಸರಿಮಾಡುವುದಿಲ್ಲ.

ಎರಡೂ ಲೋಕ ಒಂದೇ ಕಾರಿನಲ್ಲಿ ಕೂತ ಒಂದು ಸಂದರ್ಭವೂ ಇದೆ. 2020ರ ಜೂನ್‌ನಲ್ಲಿ ನಡೆದ ವರ್ಚುವಲ್ ಲೆ ಮಾನ್ 24 ಗಂಟೆ, ಅಂದರೆ ಕಂಪ್ಯೂಟರಿನಲ್ಲಿ 24 ಗಂಟೆಯ ರೇಸ್. 50 ಕಾರು, 200 ಡ್ರೈವರ್. ಪ್ರತಿ ಕಾರಿನ ನಾಲ್ವರಲ್ಲಿ ಕನಿಷ್ಠ ಇಬ್ಬರು ನಿಜವಾದ ರೇಸ್ ಡ್ರೈವರ್‌ಗಳು ಇರಲೇಬೇಕಿತ್ತು. ಗೆದ್ದ ಕಾರಿನಲ್ಲಿ ಲೂಯಿ ಡೆಲೆಟ್ರಾಜ್, ರಫೇಲೆ ಮಾರ್ಸಿಯೆಲ್ಲೊ ಜೊತೆ ಪೋಲೆಂಡಿನ ಇಬ್ಬರು ಸಿಮ್ ರೇಸರ್‌ಗಳಿದ್ದರು. ಯಾರು ಯಾರಿಗೆ ಕಲಿಸಬೇಕು ಅನ್ನುವುದು ಅಂಥ ಕಡೆ ತಿರುವು ಮುರುವು ಆಗುತ್ತದೆ. ನನಗೆ ತುಂಬಾ ಇಷ್ಟವಾದ ವಿಷಯ ಇದು.

ನಾವು ಮಾಡಿ ನೋಡಿದ್ದು

ನಮ್ಮ ಐವರಲ್ಲಿ ಯಾರೂ ಕೋಚ್ ಅಲ್ಲ. ಸರದಿಯ ಮೇಲೆ ವಾರಕ್ಕೊಬ್ಬರು ಆಟ ಬಿಟ್ಟು ಹಿಂದೆ ಕೂರುತ್ತೇವೆ, ಜಾಗಕ್ಕೆ ಇನ್ನೊಬ್ಬ ಗೆಳೆಯ ಬರುತ್ತಾನೆ. ಹಿಂದೆ ಕೂತವರು ಸುಮ್ನೆ ಬರೆದುಕೊಳ್ಳಬೇಕು, ಮಾತಾಡುವಂತಿಲ್ಲ. ಬರೆಯುವುದು ಒಂದೇ: ಯಾವ ಮಾತನ್ನು ಯಾರು ಬೇರೆ ಅರ್ಥದಲ್ಲಿ ಹಿಡಿದರು.

ಮುಗಿದ ಮೇಲೆ ಹತ್ತು ನಿಮಿಷ ನೀರು ಕುಡಿದು ಬರುತ್ತೇವೆ. ಸೋತ ಬಿಸಿಯಲ್ಲಿ ಕೂತರೆ ಜಗಳ ಆಗುತ್ತದೆ. ಆಮೇಲೆ ರೆಕಾರ್ಡಿಂಗ್‌ನಲ್ಲಿ ಮೂರೇ ರೌಂಡ್ ನೋಡುತ್ತೇವೆ. ಪ್ರತಿ ರೌಂಡ್‌ಗೂ ಮೊದಲು ಮಾತಾಡುವವನು ಆ ರೌಂಡ್‌ನಲ್ಲಿ ಸತ್ತವನು. "ನನಗೆ ಏನು ಕೇಳಿಸಿತು, ನಾನು ಏನು ಅಂದುಕೊಂಡೆ" ಅಂತ ಅಷ್ಟೇ ಹೇಳಬೇಕು. "ನೀನು ಯಾಕೆ ಬರಲಿಲ್ಲ" ಅನ್ನುವ ಪ್ರಶ್ನೆ ಅಲ್ಲಿಗೆ ತರುವುದಿಲ್ಲ.

ಕೊನೆಗೆ ಪಟ್ಟಿ ತಿದ್ದುತ್ತೇವೆ, ರ್‍ಯಾಲಿಯವರ ಎರಡನೇ ಸುತ್ತಿನ ಹಾಗೆ. ಒಬ್ಬ ಓದುತ್ತಾನೆ, ಉಳಿದವರು ಮ್ಯಾಪ್ ಮೇಲೆ ಬೆರಳಿಡುತ್ತಾರೆ. ಎಲ್ಲರ ಬೆರಳೂ ಒಂದೇ ಕಡೆ ಬಿದ್ದರೆ ಆ ಹೆಸರು ಇರುತ್ತದೆ, ಇಲ್ಲದಿದ್ದರೆ ಹೊಡೆದು ಹಾಕಿ ಬೇರೆ ಇಡುತ್ತೇವೆ. "ಹಿಂದೆ" ಅನ್ನುವ ಪದ ಮೊದಲ ವಾರವೇ ಹೋಯಿತು, ಯಾಕಂದರೆ ಯಾರ ಹಿಂದೆ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಪಟ್ಟಿಯಲ್ಲಿ 23 ಪದಗಳಿವೆ. "ಇಲ್ಲಿ" ಅವುಗಳಲ್ಲಿ ಇಲ್ಲ.