ಯಾರ ಕಡೆಯಿಂದ ಬಂತು ಎಂದು ಕೇಳುವ ಮುನ್ನ

ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ತೊಟ್ಟ ಹುಡುಗಿ ಕುರ್ಚಿಯ ಅಂಚಿನಲ್ಲಿ ಕೂತಿರುತ್ತಾಳೆ. ಮುಂಗೈ ಮೇಲೆ ಎಳೆಗೂಸಿನ ಮೈಯಂಥ ನವಿರು ಕೂದಲು, ಬೆರಳ ತುದಿ ತಣ್ಣಗೆ. ಊಟ ಬಿಟ್ಟು ಮೈ ಸೊರಗುವ ಅನೊರೆಕ್ಸಿಯಾ ಎಂಬ ಕಾಯಿಲೆ. ಅಪ್ಪ ಅಮ್ಮ ನೋಡುತ್ತಿರುವುದು ಅವಳನ್ನಲ್ಲ, ಒಬ್ಬರನ್ನೊಬ್ಬರು. "ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ ಡಾಕ್ಟ್ರೇ" ಎಂದು ಒಬ್ಬರು. "ನಿಮ್ಮ ಚಿಕ್ಕಮ್ಮ ವಾರಕ್ಕೆ ಮೂರು ಉಪವಾಸ ಮಾಡ್ತಿರಲಿಲ್ವಾ?" ಎಂದು ಇನ್ನೊಬ್ಬರು. ಈಚೆಗೆ ಮೂರನೆಯ ಮಾತೊಂದು ಸೇರಿಕೊಂಡಿದೆ, ಮೊಬೈಲ್ ಮುಂದೆ ಹಿಡಿದು: "ಇದು ಐವತ್ತು ಪರ್ಸೆಂಟ್ ಜೆನೆಟಿಕ್ ಅಂತೆ. ಹಾಗಾದ್ರೆ ಮಿಕ್ಕ ಐವತ್ತಕ್ಕೆ ಮಾತ್ರ ಟ್ರೀಟ್‌ಮೆಂಟಾ?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಇನ್ನೊಮ್ಮೆ, ಸ್ವಲ್ಪ ಬಿಡಿಸಿ.

ಅನೊರೆಕ್ಸಿಯಾ, ಬುಲಿಮಿಯಾ (ಅತಿಯಾಗಿ ತಿಂದು ವಾಂತಿಯಂಥ ದಾರಿಯಲ್ಲಿ ಹೊರಹಾಕುವುದು), ಬಿಂಜ್ ಈಟಿಂಗ್ (ಹಿಡಿತ ತಪ್ಪಿ ಅತಿಯಾಗಿ ತಿನ್ನುವುದು), ಈ ಮೂರು ಈಟಿಂಗ್ ಡಿಸಾರ್ಡರ್‌ಗಳಿಗೂ ಅವಳಿಗಳ ಅಧ್ಯಯನದಿಂದ ಬಂದ ಹೆರಿಟಬಿಲಿಟಿ ಅಂಕಿ (ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು) ಹೆಚ್ಚುಕಡಿಮೆ ನೂರಕ್ಕೆ 40ರಿಂದ 60ರ ನಡುವೆ ಇದೆ. ಕೆಲವು ಅಧ್ಯಯನಗಳಲ್ಲಿ ಇನ್ನೂ ಕೆಳಗೆ, ಕೆಲವದರಲ್ಲಿ ಇನ್ನೂ ಮೇಲೆ. ಅಂಕಿ ಸುಳ್ಳಲ್ಲ. ಆದರೆ ಅದು ನಿಮ್ಮ ಮಗಳ ಬಗ್ಗೆ ಹೇಳಿದ್ದಲ್ಲ.

ಜಾತ್ರೆಯ ಅಡುಗೆಯ ಚಪ್ಪರ ನೆನೆಸಿಕೊಳ್ಳಿ. ಇಪ್ಪತ್ತು ಒಲೆ, ಇಪ್ಪತ್ತು ಜನ ಮುದ್ದೆ ತಿರುವುತ್ತಿದ್ದಾರೆ. ಕೆಲವು ನುಣ್ಣಗೆ ಬಂದಿವೆ, ಕೆಲವು ಗಂಟುಗಂಟು. ಎಲ್ಲರಿಗೂ ಒಂದೇ ಮೂಟೆಯ ಹಿಟ್ಟು ಕೊಟ್ಟಿದ್ದರೆ ಮುದ್ದೆ ಮುದ್ದೆಗೂ ಇರುವ ವ್ಯತ್ಯಾಸವೆಲ್ಲ ಕೈ, ಕೋಲು, ಉರಿಯದು. ಹಿಟ್ಟಿನ ಪಾಲು ಸೊನ್ನೆ. ಅದೇ ಪಳಗಿದ ಒಬ್ಬಳೇ ಅಡುಗೆಯವಳು ಒಂದೇ ಹದದ ಉರಿಯಲ್ಲಿ ಇಪ್ಪತ್ತು ಮನೆಯ ಹಿಟ್ಟು ತಿರುವಿದಳೆನ್ನಿ, ವ್ಯತ್ಯಾಸವೆಲ್ಲ ಹಿಟ್ಟಿನದು, ನೂರಕ್ಕೆ ನೂರು. ಎರಡೂ ಸಲ ಹಿಟ್ಟಿಲ್ಲದೆ ಮುದ್ದೆಯಿಲ್ಲ, ಉರಿಯಿಲ್ಲದೆಯೂ ಇಲ್ಲ. ಈಗ ನಿಮ್ಮ ತಟ್ಟೆಯ ಮುದ್ದೆಯೊಂದನ್ನು ತೋರಿಸಿ, ಇದು ಗಂಟಾಗಿದ್ದರಲ್ಲಿ ಹಿಟ್ಟಿನ ತಪ್ಪು ಎಷ್ಟು ಪರ್ಸೆಂಟ್ ಎಂದರೆ ಹೇಳುವುದು ಹೇಗೆ? ಹೆರಿಟಬಿಲಿಟಿ ಅಳೆಯುವುದು ಒಂದು ಗುಂಪಿನ ಜನರ ನಡುವಿನ ವ್ಯತ್ಯಾಸವನ್ನು. ಒಬ್ಬರೊಳಗಿನ ಕಾಯಿಲೆಯನ್ನು ಅದು ಪಾಲು ಹಾಕಿ ಕೊಡುವುದಿಲ್ಲ. ಗುಂಪು ಬದಲಾದರೆ ಅಂಕಿಯೂ ಬದಲು.

ವಯಸ್ಸು ಬದಲಾದರೂ ಸಾಕು. ಅಮೆರಿಕದ ಮಿನ್ನೆಸೋಟಾದಲ್ಲಿ ಅವಳಿ ಹುಡುಗಿಯರನ್ನು ಅಧ್ಯಯನ ಮಾಡಿದಾಗ, 11ರ ವಯಸ್ಸಿನವರಲ್ಲಿ ಊಟ-ತೂಕದ ಕುರಿತ ಅತಿಯಾದ ತಳಮಳದ ವ್ಯತ್ಯಾಸಕ್ಕೆ ಜೀನ್‌ಗಳ ಪಾಲು ಬಹುತೇಕ ಸೊನ್ನೆ. 17ರವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಜೀನ್ ಹುಟ್ಟಿದಾಗಿನಿಂದ ಅದೇ. ನಡುವೆ ಮೈನೆರೆಯುವ ಕಾಲವೊಂದು ಬಂದು ಹೋಗಿದೆ. ಹಾರ್ಮೋನುಗಳು ಎಷ್ಟು ಕೆಲಸ ಮಾಡಿವೆ ಎಂಬುದು ಇನ್ನೂ ಚರ್ಚೆಯಲ್ಲಿದೆ.

ಜೆನೆಟಿಕ್ ಅಂದರೆ ಚಿಕಿತ್ಸೆಗೆ ಬಗ್ಗದ್ದು ಎಂಬ ಭಯ ಇನ್ನೊಂದು. ಫೀನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆ ಒಂದೇ ಜೀನಿನ ದೋಷದಿಂದ ಬರುತ್ತದೆ. ಅದರ ಮುಖ್ಯ ಚಿಕಿತ್ಸೆ ಪಥ್ಯ. ಎಳವೆಯಲ್ಲೇ ಗುರುತಿಸಿ ಫೀನೈಲ್‌ಅಲನಿನ್ (ಪ್ರೋಟೀನಿನ ಒಂದು ಅಂಶ) ಮಿತಿಗೊಳಿಸಿದ ಆಹಾರ ಕೊಟ್ಟರೆ ಮಗುವಿನ ಬುದ್ಧಿ ಬೆಳವಣಿಗೆ ಉಳಿಯುತ್ತದೆ.

ಇನ್ನು "ಪರಿಸರ". ಈ ಪದ ಕಿವಿಗೆ ಬಿದ್ದ ತಕ್ಷಣ ತಾಯಂದಿರು ತಲೆ ತಗ್ಗಿಸುತ್ತಾರೆ, ಸಾಕಿದ್ದರಲ್ಲಿ ತಪ್ಪಾಯಿತು ಎಂದುಕೊಂಡು. ಲೆಕ್ಕ ಹಾಗಿಲ್ಲ. ಅವಳಿಗಳ ಅಧ್ಯಯನದಲ್ಲಿ ಒಂದೇ ಮನೆಯಲ್ಲಿ ಬೆಳೆದುದರ ಪಾಲು ಸಾಮಾನ್ಯವಾಗಿ ಚಿಕ್ಕದು. ಒಬ್ಬಳಿಗೆ ತಾಗಿ ಇನ್ನೊಬ್ಬಳಿಗೆ ತಾಗದ ಸಂಗತಿಗಳ ಪಾಲು ದೊಡ್ಡದು. ಒಬ್ಬಳು ಹಾಸ್ಟೆಲಿಗೆ ಹೋದಳು, ಒಬ್ಬಳು ಹೋಗಲಿಲ್ಲ. ಒಬ್ಬಳಿಗೆ ನೃತ್ಯದ ಮೇಷ್ಟ್ರು ಸೊಂಟ ತೋರಿಸಿ ಏನೋ ಅಂದರು. ಇಡೀ ಸಮಾಜದ ಗಾಳಿಯೂ ಲೆಕ್ಕಕ್ಕಿದೆ. ಫಿಜಿಯ ನದ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇವೆ ಎಂದ ಶಾಲಾ ಹುಡುಗಿ ಆಗ ಒಬ್ಬಳೂ ಇರಲಿಲ್ಲ. 1998ರ ಸಮೀಕ್ಷೆಯಲ್ಲಿ ಹಾಗೆಂದವರು ನೂರಕ್ಕೆ 11. ಮೂರು ವರ್ಷದಲ್ಲಿ ಜೀನ್ ಬದಲಾಗುವುದಿಲ್ಲ. ಅದೇ ಟಿವಿ ನೋಡಿದ ಉಳಿದವರು ಹಾಗೆ ಮಾಡಲಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮಲ್ಲಿ ಎಲ್ಲವನ್ನೂ ಇನ್‌ಸ್ಟಾಗ್ರಾಂ ತಲೆಗೆ ಕಟ್ಟುವವರಿಗೆ ಒಂದು ಮಾತು: ಇಲ್ಲಿ ಬರುವ ಎಷ್ಟೋ ಹುಡುಗಿಯರು "ದಪ್ಪಗಾಗ್ತೀನಿ" ಎಂದು ಹೇಳುವುದೇ ಇಲ್ಲ. ಹೊಟ್ಟೆ ಉಬ್ಬರ, ಗ್ಯಾಸ್, ಹಸಿವಿಲ್ಲ, ತಿಂದರೆ ಭಾರ. ಹಾಗಾಗಿ ಮೊದಲ ಆರು ತಿಂಗಳು ಎಂಡೋಸ್ಕೋಪಿಯಲ್ಲಿ ಕಳೆದುಹೋಗುತ್ತದೆ. ಬೇರೆ ಕಾಯಿಲೆ ಇಲ್ಲವೆಂದು ನೋಡಿಕೊಳ್ಳಲೇಬೇಕು, ಸರಿ. ಆದರೆ ಶುರುವಾದದ್ದು ಎಲ್ಲಿಂದ ಎಂದು ಕೆದಕಿದರೆ ಟೈಫಾಯ್ಡ್, ಕಾಮಾಲೆ, ಹಲ್ಲಿಗೆ ಹಾಕಿಸಿದ ಕ್ಲಿಪ್, ಪಿಯುಸಿ ಪರೀಕ್ಷೆಯ ಒತ್ತಡ, ಅಕ್ಕನ ಮದುವೆಗೆಂದು ಮಾಡಿದ ಡಯಟ್, ಏನಾದರೊಂದು ಸಿಗುತ್ತದೆ. ಕಾರಣ ಏನೇ ಇರಲಿ, ಮೈಗೆ ಬೇಕಾದಷ್ಟು ಊಟ ಕೆಲವು ವಾರ ಒಳಗೆ ಹೋಗಲಿಲ್ಲ.

ಜೀನ್ ಮತ್ತು ಪರಿಸರ ಸೇರುವ ಜಾಗ ಇದೇ. ಹತ್ತು ಹುಡುಗಿಯರು ಡಯಟ್ ಮಾಡಿದರೆ ಹೆಚ್ಚಿನವರು ಎರಡೇ ವಾರಕ್ಕೆ ಬಜ್ಜಿ ಮುಂದೆ ಶರಣು. ಯಾವಳೋ ಒಬ್ಬಳಿಗೆ ಹಸಿವು ನೆಮ್ಮದಿ ಕೊಡುತ್ತದೆ, ಒಳಗಿನ ಆತಂಕ ಇಳಿದಂತೆ ಆಗುತ್ತದೆ. 2019ರಲ್ಲಿ ಪ್ರಕಟವಾದ ದೊಡ್ಡ ಜೀನೋಮ್ ಅಧ್ಯಯನ (ಅನೊರೆಕ್ಸಿಯಾ ಇದ್ದ 16,992 ಜನ, ಇಲ್ಲದ 55,525 ಜನ) ಕಾಯಿಲೆಗೆ ನಂಟಿರುವ 8 ತಾಣಗಳನ್ನು ಜೀನ್‌ಗಳ ಸರಪಳಿಯಲ್ಲಿ ಗುರುತಿಸಿತು. ಆ ಜೀನ್ ಎಳೆಗಳು ಒಂದು ಕಡೆ ಒಸಿಡಿ (ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಗೀಳಿನ ಕಾಯಿಲೆ), ಆತಂಕ, ಖಿನ್ನತೆಯ ಜೊತೆ ಹೆಣೆದುಕೊಂಡಿದ್ದರೆ, ಇನ್ನೊಂದು ಕಡೆ ಇನ್ಸುಲಿನ್, ಕೊಬ್ಬು, ಓಡಾಟದ ಚಟುವಟಿಕೆಯಂಥ ಮೈಯ ಲೆಕ್ಕದ ಜೊತೆಗೂ ಹೆಣೆದುಕೊಂಡಿವೆ. ಮನಸ್ಸಿನದಷ್ಟೇ ಅಲ್ಲ, ಚಯಾಪಚಯದ್ದೂ (ಮೈ ಊಟವನ್ನು ಶಕ್ತಿಯಾಗಿಸುವ ರೀತಿಯದ್ದೂ) ಕೈವಾಡ ಇರಬಹುದು.

ಉಪವಾಸವೇ ಮನಸ್ಸನ್ನು ತಿರುಚುತ್ತದೆ ಎನ್ನುವುದಕ್ಕೆ ಜೀನ್ ಬೇಕಾಗಿಯೂ ಇಲ್ಲ. 1944-45ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಅವರು ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು, ಒಂದು ಊಟವನ್ನೇ ಗಂಟೆಗಟ್ಟಲೆ ಎಳೆದರು, ಜನರಿಂದ ದೂರವಾದರು. ನಿಮ್ಮ ಮಗಳು ಅನ್ನವನ್ನು ಅಗುಳು ಅಗುಳಾಗಿ ಬಿಡಿಸುತ್ತಾ ಮನೆಯವರಿಗೆಲ್ಲ ಕೇಕ್ ಮಾಡಿ ಬಡಿಸುತ್ತಿದ್ದರೆ ಅದು ಹಟವೂ ಅಲ್ಲ, ಸೊಕ್ಕೂ ಅಲ್ಲ.

ಆದ್ದರಿಂದ ವಂಶವೃಕ್ಷದ ಜಗಳ ಬಿಟ್ಟು ಮೊದಲ ಭೇಟಿಗೆ ಹಳೆಯ ತೂಕ-ಎತ್ತರದ ದಾಖಲೆ ತನ್ನಿ. ಶಾಲೆಯ ಹೆಲ್ತ್ ಕಾರ್ಡ್, ಲಸಿಕೆ ಪುಸ್ತಕ, ಹಳೆ ಚೀಟಿ, ಯಾವುದಾದರೂ ಸರಿ. ಚುಕ್ಕಿಗಳನ್ನು ಬೆಳವಣಿಗೆಯ ಗ್ರಾಫಿನ ಮೇಲಿಟ್ಟರೆ, ಗೆರೆ ಎಲ್ಲಿ ಬಾಗಿತೆಂದು ಎರಡೇ ನಿಮಿಷದಲ್ಲಿ ಕಾಣುತ್ತದೆ. ಬೆಳೆಯುವ ಮಗುವಿನ ತೂಕ ಇಳಿಯಲೇಬೇಕೆಂದಿಲ್ಲ. ಎತ್ತರ ಏರಿ ತೂಕ ನಿಂತಲ್ಲೇ ನಿಂತಿದ್ದರೂ ಅದು ಇಳಿದ ಹಾಗೇ. ಮುಟ್ಟು ಬರುತ್ತಿದೆ ಎಂದು ನಿರಾಳವಾಗಬೇಡಿ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2013ರಿಂದ ರೋಗನಿರ್ಣಯಕ್ಕೆ ಮುಟ್ಟು ನಿಲ್ಲಬೇಕೆಂಬ ನಿಯಮವಿಲ್ಲ. ರಕ್ತಪರೀಕ್ಷೆ ನಾರ್ಮಲ್ ಬಂದರೂ ನಿರಾಳ ಬೇಡ. ಹಗಲು ಎಚ್ಚರವಿದ್ದಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕಡಿಮೆ, ಎದ್ದು ನಿಂತರೆ ಕಣ್ಣು ಕತ್ತಲೆ, ಪದೇ ಪದೇ ವಾಂತಿ: ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ. ವಾಂತಿಯಿಂದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು.

ಇದನ್ನು ಓದಿ ಇವತ್ತೇ ತುಪ್ಪದ ಉಂಡೆ ತುರುಕಲು ಹೊರಡಬೇಡಿ. ತುಂಬಾ ಸೊರಗಿದ ಮೈಗೆ ಒಮ್ಮೆಲೇ ಊಟ ಸುರಿದರೆ ರಕ್ತದ ಫಾಸ್ಫೇಟ್ ಕುಸಿಯುತ್ತದೆ, ಅದು ಪ್ರಾಣಕ್ಕೇ ಎರವಾದೀತು. ಮೊದಲ ವಾರ ಥಯಮಿನ್ (ವಿಟಮಿನ್ ಬಿ1) ಕೊಟ್ಟು, ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮತ್ತೆ ಮತ್ತೆ ನೋಡುತ್ತಾ ಊಟ ಏರಿಸಬೇಕು. ಅದು ವೈದ್ಯರ ಕೆಲಸ. ಆಮೇಲಿನ ತಿಂಗಳುಗಳು ನಿಮ್ಮವು. ಹದಿಹರೆಯದವರಿಗೆ ಚೆನ್ನಾಗಿ ಕೆಲಸ ಮಾಡುವ ಕುಟುಂಬ ಚಿಕಿತ್ಸೆಯಲ್ಲಿ ತಟ್ಟೆಗೆ ಏನು, ಎಷ್ಟು ಎಂದು ತೀರ್ಮಾನಿಸುವವರು ಅಪ್ಪ ಅಮ್ಮ, ಇಬ್ಬರೂ ಒಂದೇ ಮಾತಿನಲ್ಲಿ. ಯಾರ ಕಡೆಯದು ಎಂದು ಕಚ್ಚಾಡುವವರು ಒಂದೇ ಮಾತಾಡುವುದು ಹೇಗೆ ಹೇಳಿ.

ಹಾಗೆಂದು ಮನೆತನದ ಇತಿಹಾಸ ಬೇಡವೆಂದಲ್ಲ, ನಾವೂ ಕೇಳುತ್ತೇವೆ. ಈಟಿಂಗ್ ಡಿಸಾರ್ಡರ್ ಎಂಬ ಹೆಸರು ನಿಮ್ಮ ಅಜ್ಜಿಯ ಕಾಲದಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಅದಕ್ಕೇ ನಮ್ಮ ಪ್ರಶ್ನೆ ಬೇರೆ: ಬಾಗಿಲ ಚಿಲಕ ನಾಲ್ಕು ಸಲ ನೋಡುವವರು, ಮಡಿ ಮಿತಿಮೀರಿದವರು, ಖಿನ್ನತೆ ಇದ್ದವರು ಯಾರಾದರೂ ಇದ್ದರೇ? ಚಿಕ್ಕಮ್ಮನ ಉಪವಾಸ ಭಕ್ತಿಯೂ ಇದ್ದೀತು.

ತಂಗಿಗೂ ಬರುತ್ತದೆಯೇ, ಅವಳ ಮದುವೆಗೆ ತೊಡಕೇ? ಅಮೆರಿಕದ ಕುಟುಂಬಗಳ ಅಧ್ಯಯನವೊಂದರಲ್ಲಿ ಅನೊರೆಕ್ಸಿಯಾ ಇದ್ದವರ ಹತ್ತಿರದ ಹೆಣ್ಣು ಬಂಧುಗಳಿಗೆ ಅಪಾಯ ಸುಮಾರು 11 ಪಟ್ಟು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಸಾವಿರಕ್ಕೆ ಮೂರರಷ್ಟಿದ್ದದ್ದು ನೂರಕ್ಕೆ ಮೂರು-ನಾಲ್ಕು ಆಯಿತು, ಅಷ್ಟೇ. ಉಳಿದ 96 ಜನರಿಗೆ ಬರಲಿಲ್ಲ. ತಂಗಿಯ ಎತ್ತರ-ತೂಕ ಮೂರು ತಿಂಗಳಿಗೊಮ್ಮೆ ಬರೆದಿಡಿ, ಅಂಕಿಯನ್ನು ಅವಳೆದುರು ಚರ್ಚಿಸಬೇಡಿ. ಜ್ವರ ಬಂದು ಸೊರಗಿದರೆ ಹಳೆಯ ತೂಕಕ್ಕೆ ಬೇಗ ತನ್ನಿ. ಜೀನ್ ಟೆಸ್ಟ್ ಮಾತ್ರ ಬೇಡ. ಈ ಕಾಯಿಲೆಯನ್ನು ಮುಂಗಡವಾಗಿ ಹೇಳಬಲ್ಲ ಪರೀಕ್ಷೆ ಇಂದಿಗೆ ಇಲ್ಲ, ಮೇಲಿನ ದೊಡ್ಡ ಅಧ್ಯಯನವೂ ಯುರೋಪ್ ಮೂಲದ ಜನರದ್ದು. ಆ ದುಡ್ಡಿಗೆ ಅಕ್ಕನಿಗೆ ಒಂದು ಇಸಿಜಿ, ಒಂದು ಎಲೆಕ್ಟ್ರೊಲೈಟ್ (ರಕ್ತದ ಲವಣಗಳ) ಪರೀಕ್ಷೆ ಮಾಡಿಸಿ, ಇನ್ನೂ ಮಿಗುತ್ತದೆ.