ಕಷ್ಟ ಇಬ್ಬರಿಗೂ ಒಂದೇ, ಕುಸಿದವರು ಒಬ್ಬರೇ ಯಾಕೆ?

ಪ್ರಶ್ನೆ: ಒಂದೇ ಮನೆ, ಒಂದೇ ಸಾಲ, ವರ್ಷಗಟ್ಟಲೆ ಒಂದೇ ಕಾಯಿಲೆಯವರ ಆರೈಕೆ. ಅಣ್ಣ ಮಂಕಾಗಿ ಮೂಲೆ ಸೇರಿದ. ತಂಗಿ ಹೇಗೋ ಓಡಾಡಿಕೊಂಡಿದ್ದಾಳೆ. ಅವಳ ಮನಸ್ಸು ಗಟ್ಟಿ, ಅವಳಿಗೆ ಟೆನ್ಷನ್ ತಟ್ಟುವುದೇ ಇಲ್ಲ ಅಂತಾರೆ. ನಿಜವಾ?

ಉತ್ತರ: ನಿಜ ಅಲ್ಲ. ಈ ಮಾತಿನಿಂದ ಇಬ್ಬರಿಗೂ ಅನ್ಯಾಯ ಆಗುತ್ತದೆ. ಅಣ್ಣನಿಗೆ ಗಾಯದ ಮೇಲೆ ಬರೆ. ತಂಗಿಯ ಒಳಗೆ ಎಷ್ಟು ಕೆಲಸ ನಡೆಯುತ್ತಿದೆ ಅನ್ನುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

2007ರಲ್ಲಿ ಅಮೆರಿಕದ ವೈಷ್ಣವ್ ಕೃಷ್ಣನ್, ಎರಿಕ್ ನೆಸ್ಲರ್ ಮತ್ತು ಅವರ ಜೊತೆಯವರು ಪ್ರಕಟಿಸಿದ ಪ್ರಯೋಗ ಒಂದಿದೆ. ಪುಟ್ಟ ಕಪ್ಪು ಇಲಿಯನ್ನು ದಿನಕ್ಕೆ ಕೆಲವೇ ನಿಮಿಷ ದಪ್ಪನೆಯ, ಜಗಳಗಂಟ ಬಿಳಿ ಇಲಿಯ ಗೂಡಿಗೆ ಬಿಡುತ್ತಾರೆ. ಅದು ಅಟ್ಟಾಡಿಸಿ ಕಚ್ಚುತ್ತದೆ. ಆಮೇಲೆ ನಡುವೆ ತೂತಿರುವ ಪಾರದರ್ಶಕ ಗೋಡೆ ಇಳಿಸುತ್ತಾರೆ. ಇನ್ನು ಕಚ್ಚಲು ಆಗಲ್ಲ, ಆದರೆ ಶತ್ರು ಪಕ್ಕದಲ್ಲೇ ಇದೆ. ಅದರ ವಾಸನೆ, ಸದ್ದು ಇಡೀ ದಿನ. ಮಾರನೆಯ ದಿನ ಹೊಸ ಜಗಳಗಂಟ. ಹೀಗೆ 10 ದಿನ.

ಈ ಕಪ್ಪು ಇಲಿಗಳೆಲ್ಲ ಒಂದೇ ತಳಿಯವು, ವಂಶವಾಹಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅವಳಿಗಳಿದ್ದ ಹಾಗೆ. ಆದರೂ 10 ದಿನದ ಕೊನೆಗೆ ಅವು ಎರಡು ಗುಂಪಾದವು. ಹಲವು ಇಲಿಗಳು ಬೇರೆ ಇಲಿ ಕಂಡರೆ ಮೂಲೆಗೆ ಸರಿದವು. ಸಕ್ಕರೆ ನೀರಿನ ಆಸೆಯೂ ಕಡಿಮೆಯಾಯಿತು. ಉಳಿದವು ಹತ್ತಿರ ಹೋಗಿ ಮೂಸಿದವು, ಸಿಹಿ ನೀರು ಕುಡಿದವು.

ಈ ಗಟ್ಟಿ ಇಲಿಗಳಿಗೆ ಏನೂ ತಟ್ಟಿರಲಿಲ್ವಾ? ತಟ್ಟಿತ್ತು. ಆತಂಕದ ಪರೀಕ್ಷೆಯಲ್ಲಿ ಅವೂ ಕುಸಿದ ಇಲಿಗಳಷ್ಟೇ ಹೆದರಿದವು. ಒತ್ತಡದ ಹಾರ್ಮೋನು ಅವುಗಳಲ್ಲೂ ಏರುತ್ತಿತ್ತು. ನನಗೆ ಇಡೀ ಪ್ರಯೋಗದಲ್ಲಿ ಅತಿ ಮುಖ್ಯ ಅನ್ನಿಸುವುದು ಇದೇ.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಆಸೆ, ಹುರುಪಿಗೆ ಸಂಬಂಧಪಟ್ಟ ಡೋಪಮೈನ್ ನರಕೋಶಗಳು ಮಿದುಳಿನ ಮಧ್ಯಭಾಗದಲ್ಲಿವೆ. ಕುಸಿದ ಇಲಿಗಳಲ್ಲಿ ಇವು ವಿಪರೀತ ವೇಗವಾಗಿ ಮಿಡಿಯುತ್ತಿದ್ದವು. ಗಟ್ಟಿ ಇಲಿಗಳಲ್ಲಿ ವೇಗ ಮಾಮೂಲಿಯಾಗಿತ್ತು. ಅಲ್ಲಿ ಏನೂ ಆಗಿಲ್ಲ ಅಂತ ಯಾರಿಗಾದರೂ ಅನ್ನಿಸಬೇಕು, ಅಲ್ವಾ? 2014ರಲ್ಲಿ ಮಿಂಗ್-ಹು ಹಾನ್ ಅವರ ತಂಡ ಒಳಹೊಕ್ಕು ಅಳೆದಾಗ ಕಂಡದ್ದು ಬೇರೆ. ನರಕೋಶವನ್ನು ಕೆರಳಿಸುವ ವಿದ್ಯುತ್ ಪ್ರವಾಹ ಗಟ್ಟಿ ಇಲಿಗಳಲ್ಲಿ ಇನ್ನೂ ಜಾಸ್ತಿ ಇತ್ತು! ಆದರೆ ಅದರ ಜೊತೆಗೇ, ಕೆರಳಿದ್ದನ್ನು ತಣಿಸುವ ಪೊಟ್ಯಾಸಿಯಂ ಪ್ರವಾಹವೂ ಅಷ್ಟೇ ಜೋರಾಗಿ ಎದ್ದಿತ್ತು. ಇಳಿಜಾರಿನಲ್ಲಿ ಭಾರದ ಗಾಡಿಯನ್ನು ಎತ್ತುಗಳು ಹಿಂದಕ್ಕೆ ಒತ್ತಿ ತಡೆಯುತ್ತವಲ್ಲ, ಹಾಗೆ. ದೂರದಿಂದ ನೋಡಿದವರಿಗೆ ಗಾಡಿ ಸುಮ್ನೆ ನಿಧಾನವಾಗಿ ಹೋಗುತ್ತಿದೆ ಅನ್ನಿಸುತ್ತದೆ. ಎತ್ತುಗಳ ಹೆಗಲಿಗೆ ಗೊತ್ತು.

ಆ ಭಾಗದಲ್ಲಿ ಚಟುವಟಿಕೆ ಬದಲಿಸಿಕೊಂಡ ಜೀನುಗಳೂ ಗಟ್ಟಿ ಇಲಿಗಳಲ್ಲೇ ಹೆಚ್ಚು. ಅಂದರೆ ತಡೆದುಕೊಳ್ಳುವುದು ಮಿದುಳಿಗೆ ಒಂದು ದುಡಿಮೆ.

ಎಲ್ಲರ ಮಿದುಳೂ ಹಾಗೆ ದುಡಿಯಬಾರದೇಕೆ? ಒಂದು ಕಾರಣ ತುಂಬ ಹಿಂದೆ, ಎಳವೆಯಲ್ಲಿರಬಹುದು. ಕೆನಡಾದ ಮೈಕೆಲ್ ಮೀನಿ ಅವರ ತಂಡ 1997ರಲ್ಲಿ ತೋರಿಸಿದಂತೆ, ತಾಯಿ ಇಲಿ ಹೆಚ್ಚು ನೆಕ್ಕಿ ಮುದ್ದಿಸಿ ಬೆಳೆಸಿದ ಮರಿಗಳು ದೊಡ್ಡವಾದ ಮೇಲೆ ಒತ್ತಡದ ಹಾರ್ಮೋನನ್ನು ಬೇಗ ಹಿಡಿತಕ್ಕೆ ತರುತ್ತವೆ. ಹಾರ್ಮೋನು ಸಾಕು ಎಂದು ಗುರುತಿಸುವ ಗ್ರಾಹಕಗಳು ಅವುಗಳ ಮಿದುಳಿನಲ್ಲಿ ಜಾಸ್ತಿ. ಯಾವ ಮರಿಯೂ ತನ್ನ ತಾಯಿಯನ್ನು ಆರಿಸಿಕೊಂಡಿರುವುದಿಲ್ಲ. ಮನುಷ್ಯರ ಬಾಳು ಇದಕ್ಕಿಂತ ಎಷ್ಟೋ ಜಟಿಲ. ಒಂದೇ ಮನೆಯ ಇಬ್ಬರು ಮಕ್ಕಳ ಬಾಲ್ಯವೂ ಒಂದೇ ಆಗಿರುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಕಷ್ಟ ಮುಗಿಯಿತಲ್ಲ, ಸಾಲವೂ ತೀರಿತು, ಈಗಲೂ ಅವನಿಗೇನು?

ಇದಕ್ಕೆ ಬೆಂಗಳೂರಿನಲ್ಲೇ ಒಂದು ಸುಳಿವು ಸಿಕ್ಕಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನು ದಿನಕ್ಕೆ 2 ಗಂಟೆ, 10 ದಿನ ಅಲುಗಾಡದಂತೆ ಕಟ್ಟಿಹಾಕಿ ನೋಡಿತು. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಮುದುಡಿದ್ದವು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲಿ ಉಲ್ಟಾ: ಕವಲುಗಳು ಇನ್ನಷ್ಟು ಹಬ್ಬಿದ್ದವು. ಇದು 2002ರಲ್ಲಿ ಪ್ರಕಟವಾಯಿತು. 2004ರ ವರದಿಯಲ್ಲಿ ಅವರು ಇಲಿಗಳಿಗೆ 21 ದಿನ ಯಾವ ತೊಂದರೆಯೂ ಕೊಡದೆ ಬಿಟ್ಟು ನೋಡಿದ್ದರು. ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತ್ತು. ಅಮಿಗ್ಡಲದ ಕವಲುಗಳು ಹಬ್ಬಿದ ಹಾಗೇ ಇದ್ದವು, ಆತಂಕವೂ ಹಾಗೇ ಇತ್ತು.

ಆದ್ದರಿಂದ ಅಣ್ಣನಿಗೆ "ಎಲ್ಲಾ ಸರಿಹೋಯ್ತಲ್ಲ, ಎದ್ದೇಳು" ಅನ್ನಬೇಡಿ. ಅವನನ್ನು ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಮತ್ತೆ ತಂಗಿಯನ್ನೂ ಒಮ್ಮೆ ಕೂರಿಸಿ ಕೇಳಿ, ರಾತ್ರಿ ನಿದ್ದೆ ಬರುತ್ತಾ ಅಂತ.